ಕೊಣನೂರಿನ ಈಚೆ, ಶಿರಂಗಾಲದ ಆಚೆ: ಕೋವಿಯ ಕಥೆ

ಅರಕಲಗೂಡು ತಾಲ್ಲೂಕಿನ ಕೊಣನೂರು ದಾಟಿ ಶಿರಂಗಾಲಕ್ಕೆ ಹೋದರೆ ಕೊಡಗು. ಬಿಸಿಲು ಅದೇ, ಕಾವೇರಿ ಅದೇ, ಹಂದಿ ಕಾಟವೂ ಅದೇ. ಕೋವಿಯ ಕಾನೂನು ಮಾತ್ರ ಬೇರೆ.

1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳಲು ಕಾಯ್ದೆ ತಂದರು. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಮೈಸೂರು ಸೀಮೆಯನ್ನೂ ನೋಡಿಕೊಳ್ಳುತ್ತಿದ್ದವರು ಅವರೇ. ನಮ್ಮ ಹಾಸನದ ರೈತರಿಗೆ ಅದು ಸಿಗಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರವರೆಗೆ ಮುಂದುವರಿಸಿದೆ. ಈಚೆಯವರಿಗೆ 1959ರ ಕಾಯ್ದೆ: ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸ್ ವರದಿ, ಕಾಯುವುದು.

ಬೇಸಿಗೆಯ ತೆಳು ಅಂಗಿಯೊಳಗೆ ಕಾಣದಂತೆ ಇಡಲು ಯಾವ ಪಿಸ್ತೂಲು ಹಗುರ ಎಂದು ಚನ್ನರಾಯಪಟ್ಟಣ, ಹೊಳೆನರಸೀಪುರದ ಹುಡುಗರು ಅಮೆರಿಕದ ವಿಡಿಯೊ ನೋಡಿ ಕೇಳುತ್ತಾರೆ. ಅಲ್ಲಿನವರು ಮೆಚ್ಚುವ 9 ಎಂಎಂ ಇಲ್ಲಿ ಜನಸಾಮಾನ್ಯರಿಗೆ ನಿಷಿದ್ಧ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು 'ನಿರ್ಭೀಕ್' ಎಂಬ ಪಾಯಿಂಟ್ 32 ರಿವಾಲ್ವರ್ ತಂದಿತು. ತೂಕ 500 ಗ್ರಾಂ, ಬೆಲೆ 1.22 ಲಕ್ಷ! ಆಗ ಆ ದುಡ್ಡಿಗೆ ಎರಡು ಒಳ್ಳೆ ಹಸು ಬರುತ್ತಿದ್ದವು.

ನಮ್ಮ ಕಡೆ ಕೋವಿ ಅಂದರೆ ಹಗುರದ್ದೂ ಅಲ್ಲ, ಬಚ್ಚಿಡುವಂಥದ್ದೂ ಅಲ್ಲ. ಬೆಳೆ ಕಾಯಲು ಪರವಾನಗಿ ಪಡೆದ ನಳಿಗೆ ಬಂದೂಕು. ಚುನಾವಣೆ ಬಂದರೆ ಅದೂ ಠಾಣೆಗೆ. 2024ರಲ್ಲಿ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ. ಹಂದಿಗೆ ನೀತಿ ಸಂಹಿತೆ ಗೊತ್ತೇ? ಹಾಸನದ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಎಣಿಕೆ ನಡೆದದ್ದು ಜೂನ್ 4ಕ್ಕೆ, ಅಷ್ಟರಲ್ಲಿ ಆಲೂಗಡ್ಡೆ ಬಿತ್ತನೆ ಶುರುವಾಗಿತ್ತು.