ಕ್ರಿಪ್ಟೋ ಹೂಡಿಕೆ ವಂಚನೆ

ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ಕರೆನ್ಸಿಗಳ ಹೆಸರಿನಲ್ಲಿ ಭಾರಿ ಲಾಭದ ಆಸೆ ತೋರಿಸಿ ಹಣ ಲಪಟಾಯಿಸುವ ಆರ್ಥಿಕ ಅಪರಾಧ. ಒಂದು ಬಗೆ, ಹಳೆಯ ಚೈನ್‌ಲಿಂಕ್ ವ್ಯವಹಾರದ ಹೊಸ ವೇಷವಷ್ಟೇ: ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತದೆ. 2015ರಲ್ಲಿ ಆರಂಭವಾದ ಗೇನ್‌ಬಿಟ್‌ಕಾಯಿನ್ ಯೋಜನೆ 18 ತಿಂಗಳ ಕಾಲ ತಿಂಗಳಿಗೆ ಶೇ 10ರಷ್ಟು ಲಾಭದ ಭರವಸೆ ನೀಡಿತ್ತು. ಇನ್ನೊಂದು ಬಗೆ ವಾಟ್ಸ್‌ಆ್ಯಪ್, ಟೆಲಿಗ್ರಾಂ ಪರಿಚಯದಿಂದ ಶುರುವಾಗುತ್ತದೆ. ನಕಲಿ ಆ್ಯಪ್‌ನಲ್ಲಿ ಲಾಭದ ಅಂಕಿ ಏರುತ್ತದೆ. ಮೊದಲ ಸಣ್ಣ ಮೊತ್ತ ಕೈಗೂ ಬರುತ್ತದೆ. ದೊಡ್ಡ ಮೊತ್ತ ಹಿಂಪಡೆಯಲು ಹೋದಾಗ ‘ತೆರಿಗೆ’ ಮುಂಗಡ ಕೇಳಲಾಗುತ್ತದೆ. ಖಚಿತ ಸುಳಿವು ಇದೇ: 2022ರಿಂದ ಕ್ರಿಪ್ಟೋ ಲಾಭಕ್ಕಿರುವ ಶೇ 30ರ ತೆರಿಗೆ ಸಲ್ಲುವುದು ಸರ್ಕಾರಕ್ಕೆ, ಖಾಸಗಿ ಖಾತೆಗಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ತಂಬಾಕು ಹರಾಜಿನ ಹಣ ಜಮೆಯಾಗುವ ತಿಂಗಳುಗಳು ಇಂಥ ಆಮಿಷಕ್ಕೆ ಅನುಕೂಲ. 1930 ಸೈಬರ್ ಅಪರಾಧ ಸಹಾಯವಾಣಿಗೆ ಕೂಡಲೇ ದೂರಿತ್ತರೆ, ಹಣ ಬೇರೆ ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಅವಕಾಶವಿರುತ್ತದೆ.