ಕೊಯ್ನಾ ಅಣೆಕಟ್ಟಿನ ಬಿರುಕು ಮತ್ತು ಗಣನೆಯ ಚರಿತ್ರೆ

ಪುಣೆಯ ಈಶಾನ್ಯ ಭಾಗದಲ್ಲಿ, ಲೋಹೆಗಾಂವ್ ವಿಮಾನ ನಿಲ್ದಾಣದ ಸಮೀಪದಲ್ಲಿ ಬೆಳೆದಿರುವ ಬಡಾವಣೆ ವಿಮಾನ ನಗರ. ತಂತ್ರಾಂಶ ಕಚೇರಿಗಳೂ ಶಿಕ್ಷಣ ಸಂಸ್ಥೆಗಳೂ ನೆರೆದಿರುವ ಈ ಪ್ರದೇಶದಲ್ಲಿ ನಿಂತು ಗಣಕಾಧಾರಿತ ಸಂಶೋಧನೆಯ ಚರಿತ್ರೆಯನ್ನು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಯಿತು, ೧೯೯೧ರಲ್ಲಿ ಪರಮ್ ೮೦೦೦ ಸಿದ್ಧವಾಯಿತು. ಈ ಉತ್ತರ ತಪ್ಪಲ್ಲ. ಆದರೆ ಘನವಸ್ತುಗಳ ಬಲವಿಜ್ಞಾನದ ಮಟ್ಟಿಗೆ ಅಪೂರ್ಣವೆಂದು ನಾವು ಭಾವಿಸುತ್ತೇವೆ. ಹೊರೆ ಬಿದ್ದಾಗ ವಸ್ತು ಹೇಗೆ ಬಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂಬುದನ್ನು ಲೆಕ್ಕಹಾಕುವ ಈ ಶಾಸ್ತ್ರಕ್ಕೆ ಗಣಕಯಂತ್ರದಷ್ಟೇ ಮುಖ್ಯವಾದುದು, ಲೆಕ್ಕವನ್ನು ಒರೆಗೆ ಹಚ್ಚಬಲ್ಲ ನಿಜವಾದ ರಚನೆ. ಅಂತಹ ಒರೆಗಲ್ಲು ಪರಮ್‌ಗಿಂತ ಎರಡು ದಶಕಗಳಿಗೂ ಮೊದಲೇ, ಪುಣೆಯ ದಕ್ಷಿಣಕ್ಕಿರುವ ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನಲ್ಲಿ ದೊರೆಯಿತು.

ಮೊದಲು ಹಿಂದಿನ ಪದ್ಧತಿಯನ್ನು ಗಮನಿಸಬೇಕು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ೧೯೦೩ರಲ್ಲಿ ಅಲ್ಲಿಗೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಲ್ಲಿನ ಅಣೆಗಳ ರೂಪವನ್ನು ಕೈಲೆಕ್ಕದಿಂದಲೇ ನಿರ್ಣಯಿಸುತ್ತಿದ್ದರು. ನೀರಿನ ನೂಕು ಮತ್ತು ಕಟ್ಟಡದ ತೂಕ ಇವೆರಡರ ಒಟ್ಟು ಬಲ ತಳದ ಅಗಲದ ನಡುವಣ ಮೂರನೆಯ ಒಂದು ಭಾಗದೊಳಗೆ ಹಾದುಹೋದರೆ ಅಲ್ಲಿ ಎಳೆತ ಉಂಟಾಗದು ಎಂಬುದು ಅಂದಿನ ಸೂತ್ರ. ಭೂಕಂಪವನ್ನು ಪರಿಗಣಿಸಬೇಕಾದಾಗ ತೂಕದ ಒಂದು ಸಣ್ಣ ಅಂಶವನ್ನು ಸ್ಥಿರವಾದ ಅಡ್ಡಬಲವೆಂದು ಸೇರಿಸುವ ರೂಢಿ ಮುಂದೆ ಬಂದಿತು. ಕೊಯ್ನಾದ ವಿನ್ಯಾಸದಲ್ಲಿ ಈ ಅಂಶ ಶೇಕಡ ೫ ಆಗಿತ್ತು.

೧೯೬೭ರ ಡಿಸೆಂಬರ್ ೧೧ರ ನಸುಕಿನಲ್ಲಿ ಸುಮಾರು ೬.೫ ಪ್ರಮಾಣದ ಭೂಕಂಪ ಸಂಭವಿಸಿತು. ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೊಯ್ನಾನಗರದ ಮನೆಗಳು ನೆಲಸಮವಾದವು. ೧೦೩ ಮೀಟರ್ ಎತ್ತರದ ಅಣೆಕಟ್ಟು ಒಡೆಯಲಿಲ್ಲ. ಆದರೆ ಅದರ ಎತ್ತರದ ಖಂಡಗಳ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಕಾಣಿಸಿಕೊಂಡವು. ಅವು ಮುಖ್ಯವಾಗಿ ಹಿಂಬದಿಯ ಇಳಿಜಾರು ಥಟ್ಟನೆ ಬದಲಾಗುವ, ತಳದಿಂದ ಸುಮಾರು ೬೬ ಮೀಟರ್ ಮೇಲಿನ ಮಟ್ಟದಲ್ಲಿದ್ದವು. ಅಣೆಕಟ್ಟಿನೊಳಗಿನ ಓಣಿಯಲ್ಲಿ ಇರಿಸಿದ್ದ ವೇಗೋತ್ಕರ್ಷ ಮಾಪಕವು ಕಂಪನವನ್ನು ದಾಖಲಿಸಿತ್ತು. ಹೊಳೆಯ ದಿಕ್ಕಿನಲ್ಲಿ ಅದರ ಗರಿಷ್ಠ ಮೌಲ್ಯ ಗುರುತ್ವದ ಸುಮಾರು ಅರ್ಧದಷ್ಟು, ಅಂದರೆ ವಿನ್ಯಾಸದ ಅಂಕಿಯ ಹತ್ತುಪಟ್ಟು. ಪೆಟ್ಟು ಮತ್ತು ಗಾಯ ಎರಡರ ದಾಖಲೆಯೂ ಒಂದೇ ಕಡೆ ದೊರೆಯುವುದು ಅಪರೂಪ.

ಈ ದಾಖಲೆಯನ್ನು ಓದಬಲ್ಲ ವಿಧಾನ ಅಷ್ಟರಲ್ಲಿ ಸಿದ್ಧವಾಗಿತ್ತು. ಅದರ ಮೂಲ ವಿಮಾನದ ರೆಕ್ಕೆಯಲ್ಲಿದೆ. ಬೋಯಿಂಗ್ ಸಂಸ್ಥೆಯ ರೆಕ್ಕೆಗಳ ಬಿಗಿತವನ್ನು ಲೆಕ್ಕಹಾಕಲು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಅವರು ೧೯೫೬ರಲ್ಲಿ ಪ್ರಕಟಿಸಿದ ಕ್ರಮಕ್ಕೆ ೧೯೬೦ರಲ್ಲಿ ಕ್ಲಫ್ ಅವರು ಪರಿಮಿತ ಘಟಕ ವಿಧಾನವೆಂಬ ಅರ್ಥದ ಹೆಸರನ್ನಿತ್ತರು. ಇಡೀ ಕಾಯವನ್ನು ಸಣ್ಣ ತ್ರಿಕೋನ, ಚತುಷ್ಕೋನಗಳಾಗಿ ವಿಭಜಿಸಿ, ಪ್ರತಿಯೊಂದರ ಬಿಗಿತವನ್ನು ಕಂಡು, ಎಲ್ಲವನ್ನೂ ಒಂದೇ ಸಮೀಕರಣಗುಚ್ಛವಾಗಿ ಬಿಡಿಸುವುದೇ ಇದರ ಸಾರ. ಕ್ಲಫ್ ಅವರಿದ್ದ ಬರ್ಕ್ಲಿಯಲ್ಲಿಯೇ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅನಿಲ್ ಚೋಪ್ರಾ ಅವರು ಚಕ್ರವರ್ತಿಯವರೊಡನೆ ಕೊಯ್ನಾವನ್ನು ಈ ವಿಧಾನದಿಂದ ಪರಿಶೀಲಿಸಿ ೧೯೭೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅತಿ ಹೆಚ್ಚಿನ ಎಳೆತ ಕಂಡುಬಂದದ್ದು ಇಳಿಜಾರು ಬದಲಾಗುವ ಆ ಮಟ್ಟದ ಸುತ್ತಲೇ. ಅದು ಕಾಂಕ್ರೀಟಿನ ತಾಳಿಕೆಯನ್ನು ಮೀರಿತ್ತು. ಹಳೆಯ ಸ್ಥಿರಬಲದ ಲೆಕ್ಕ ಈ ಅಪಾಯವನ್ನು ಸೂಚಿಸಿರಲಿಲ್ಲ. ಅಂದಿನಿಂದ ಕೊಯ್ನಾ, ಕಾಂಕ್ರೀಟಿನ ಒಡೆತವನ್ನು ಲೆಕ್ಕಹಾಕುವ ಹೊಸ ಮಾದರಿಗಳಿಗೆಲ್ಲ ಪರೀಕ್ಷಾಪ್ರಶ್ನೆಯಾಗಿದೆ.

ಆದರೂ ಗಣನೆಯನ್ನು ಸಂಪೂರ್ಣವಾಗಿ ನಂಬುವಂತಿಲ್ಲ. ಬಿರುಕಿನ ಲೆಕ್ಕದಲ್ಲಿ ಘಟಕಗಳ ಗಾತ್ರ ಬದಲಾದರೆ ಉತ್ತರವೂ ಬದಲಾಗುವ ದೋಷವಿತ್ತು. ೧೯೭೬ರಲ್ಲಿ ಸ್ವೀಡನ್ನಿನ ಹಿಲರ್‌ಬೋರ್ಗ್ ಮತ್ತು ಸಂಗಡಿಗರು ಬಿರುಕು ತೆರೆಯಲು ವ್ಯಯವಾಗುವ ಶಕ್ತಿಯನ್ನು ಲೆಕ್ಕಕ್ಕೆ ತಂದ ಮೇಲೆ ಪರಿಹಾರದ ದಾರಿ ಕಂಡಿತು. ಇನ್ನೊಂದು ದೋಷವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಗಂಗನ್ ಪ್ರತಾಪ್ ಅವರು ೧೯೮೦ರ ದಶಕದಲ್ಲಿ ಕೂಲಂಕಷವಾಗಿ ವಿವೇಚಿಸಿದರು. ತೊಲೆ ತೆಳುವಾದಷ್ಟೂ ಕೆಲವು ಘಟಕಗಳು ಇಲ್ಲದ ಬಿಗಿತವನ್ನು ತೋರಿಸಿ ‘ಬೀಗ’ ಬಿದ್ದಂತೆ ವರ್ತಿಸುತ್ತವೆ. ಊಹಿಸಿಕೊಂಡ ವಿರೂಪಣೆಯ ಪದಗಳಲ್ಲಿನ ಅಸಾಂಗತ್ಯವೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಯಂತ್ರ ಎಷ್ಟೇ ವೇಗವಾಗಿದ್ದರೂ ಇಂತಹ ತಪ್ಪನ್ನು ತಾನಾಗಿ ತಿದ್ದದು.

ಕೊಯ್ನಾದ ಖಂಡಗಳಿಗೆ ಮುಂದೆ ಕಾಂಕ್ರೀಟಿನ ಆನಿಕೆಗಳನ್ನು ಕೊಟ್ಟು ಬಲಪಡಿಸಲಾಯಿತು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ಕನ್ನಡನಾಡಿಗೆ ಇಳಿಯುತ್ತದೆ. ಆದುದರಿಂದ ಆ ಬಿರುಕಿನ ಲೆಕ್ಕ ಕೆಳದಂಡೆಯ ಊರುಗಳ ಸುರಕ್ಷತೆಯ ಲೆಕ್ಕವೂ ಹೌದು. ಗಣನೆಯ ಚರಿತ್ರೆಯನ್ನು ಬರೆಯುವವರು ಯಂತ್ರಗಳ ಪಟ್ಟಿಯೊಂದಿಗೆ ಅಣೆಕಟ್ಟುಗಳ ನಕ್ಷೆ, ಮಾಪಕಗಳ ದಾಖಲೆ ಮತ್ತು ದುರಸ್ತಿಯ ವರದಿಗಳನ್ನೂ ಆಕರಗಳೆಂದು ಪರಿಗಣಿಸಬೇಕೆಂಬುದು ನಮ್ಮ ನಿಲುವು. ಕೃಷ್ಣಾ ಕಣಿವೆಯಲ್ಲಿ ಇಂತಹ ಆಕರಗಳು ಮರಾಠಿ, ಕನ್ನಡ, ತೆಲುಗು ಪ್ರದೇಶಗಳಲ್ಲಿ ಹಂಚಿಹೋಗಿರುವುದರಿಂದ, ರಾಜ್ಯದ ಹೊರಗಿರುವ ಸಂಶೋಧಕರೂ ಕೈಜೋಡಿಸದೆ ಈ ಕೆಲಸ ಪೂರ್ಣವಾಗದು.