ನಾವು ಕೊಯಮತ್ತೂರು ಜಿಲ್ಲೆಯವರಾಗಿದ್ದಾಗ

1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಭೂಪಟವು ಹೊಸದಾಗಿ ರಚಿತವಾದಾಗ ಕೊಳ್ಳೇಗಾಲ ತಾಲ್ಲೂಕು ಅದರೊಳಗೆ ಬಂದು ಸೇರಿತು. ಅದಕ್ಕೆ ಮೊದಲು, ಟಿಪ್ಪು ಸುಲ್ತಾನನ ಪತನವಾದ 1799ರಿಂದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಾಲ, ನಾವು ಮದರಾಸಿನ ಆಡಳಿತಕ್ಕೆ ಒಳಪಟ್ಟ ಕೊಯಮತ್ತೂರು ಜಿಲ್ಲೆಯ ಪ್ರಜೆಗಳಾಗಿದ್ದೆವು. ನಮ್ಮ ಶಾಲೆಯ ಬಾಗಿಲು ತೆರೆದದ್ದು ಆ ಕಾಲದಲ್ಲಿಯೇ. ತರಗತಿಯೊಳಗೆ ಕನ್ನಡ, ಜಿಲ್ಲಾ ಕೇಂದ್ರದಲ್ಲಿ ತಮಿಳು, ಮೇಲಿನ ಕಚೇರಿಗಳಲ್ಲಿ ಇಂಗ್ಲಿಷ್: ನಮ್ಮ ಹಿರಿಯರು ಈ ಮೂರರ ನಡುವೆ ಬಾಳಿದವರು. ಆ ಜಿಲ್ಲೆಯ ಕನ್ನಡಿಗರ ಕಥೆಯನ್ನು, ದೇವಾಂಗ ನೇಕಾರರ ಹಾಗೂ ಒಕ್ಕಲಿಗರ ಮನೆಮಾತಿನ ಕಥೆಯನ್ನು ಬೇರೆಯವರು ಬರೆದಿದ್ದಾರೆ, ಇನ್ನೂ ಬರೆಯಬೇಕಾಗಿದೆ. ನಾವಿಲ್ಲಿ ಹೇಳಹೊರಟಿರುವುದು ಬೇರೊಂದು ವಿಷಯ. ನಮ್ಮ ಹಳೆಯ ಜಿಲ್ಲೆಯಲ್ಲಿ ಮಣ್ಣು, ಸಾಲ, ಆಹಾರ, ಕಬ್ಬು ಇವುಗಳ ಮೇಲೆ ನಡೆದ ಸಂಶೋಧನೆಗಳು ಗ್ರಂಥಾಲಯದ ಕಪಾಟಿನಲ್ಲಿ ಬೇರೆ ಬೇರೆ ಶಾಸ್ತ್ರಗಳಾಗಿ ಕುಳಿತಿವೆ. ಆದರೆ ಅವೆಲ್ಲ ಹುಟ್ಟಿದ್ದು ಒಂದೇ ಮನೆಯ ಕಷ್ಟದಿಂದ, ಮಳೆ ಕಡಿಮೆಯಾದ ಸೀಮೆಯ ಒಬ್ಬ ರೈತನ ಮನೆಯ ಕಷ್ಟದಿಂದ.

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಕೊಯಮತ್ತೂರಿನಲ್ಲಿ ವರ್ಷದ ಸರಾಸರಿ ಮಳೆ 700 ಮಿಲಿಮೀಟರಿಗಿಂತ ಕಡಿಮೆ. ಪಾಲಕ್ಕಾಡಿನ ಕಣಿವೆಯಿಂದ ಗಾಳಿ ಬೀಸಿ ಬರುತ್ತದೆ, ಮೋಡವನ್ನು ಮಾತ್ರ ಬೆಟ್ಟಗಳೇ ಇಟ್ಟುಕೊಳ್ಳುತ್ತವೆ. ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ನೋಡಿ, ಕಾವೇರಿಪುರದ ಘಟ್ಟವನ್ನಿಳಿದು ಕೊಯಮತ್ತೂರಿನತ್ತ ನಡೆದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನವನ್ನು ಈ ನೆಲದ ಮೊದಲ ಕೃಷಿ ಸಮೀಕ್ಷೆಗಳಲ್ಲೊಂದೆಂದು ಎಣಿಸಬಹುದು. ಗೆದ್ದವರ ಲೆಕ್ಕಪುಸ್ತಕವೆಂಬ ಎಚ್ಚರದಿಂದಲೇ ಅದನ್ನು ಓದಬೇಕು. ಹಾಗಿದ್ದರೂ ಬೆಳೆ, ಮಣ್ಣು, ಕೂಲಿ, ನೀರು ಇವುಗಳನ್ನು ಊರೂರಿಗೆ ನಿಂತು ಕೇಳಿದ ಅವನ ಶ್ರದ್ಧೆಯನ್ನು ಅಲ್ಲಗಳೆಯಲಾಗದು.

ಈ ಸೀಮೆಯಲ್ಲಿ ಬೇಸಾಯವೆಂದರೆ ಬಾವಿ. ಕಲ್ಲನ್ನು ಸೀಳಿ ಆಳಕ್ಕೆ ತೋಡಿದ ಬಾವಿ, ಅದರ ಮೇಲೆ ಕಪಿಲೆ, ಕಪಿಲೆಯನ್ನೆಳೆಯಲು ಎತ್ತುಗಳು. ಇಂದಿನ ತಿರುಪ್ಪೂರು ಜಿಲ್ಲೆಗೆ ಸೇರಿದ ಕಾಂಗೇಯದ ಎತ್ತುಗಳಿಗೆ ದೊರೆತ ಹೆಸರು ಈ ದುಡಿಮೆಯಿಂದಲೇ. ಅವು ಮೇಯುವ ಕೊರಂಗಾಡು ಎಂಬ ಹುಲ್ಲುಗಾವಲುಗಳಿಗೆ ಮುಳ್ಳುಬೇಲಿಯ ಕಟ್ಟು, ನಡುನಡುವೆ ಬಿಳಿಜಾಲಿಯ ಮರಗಳು. ಎತ್ತು ನೀರನ್ನೆತ್ತಿತು, ಅದರ ಗೊಬ್ಬರ ಹೊಲಕ್ಕೆ ಬಿದ್ದಿತು. ಎಲ್ಲವೂ ಸರಿಯಾಗಿ ನಡೆದರೆ ಸಂಸಾರ ಸಾಗುತ್ತಿತ್ತು. ಸರಿಯಾಗಿ ನಡೆಯದಿದ್ದರೆ?

ಬಾವಿ ತೋಡಲು ಹಣ ಬೇಕು. ಹಣ ಸಾಹುಕಾರನ ಬಳಿ ಇದೆ. ತೋಡಿದ ಬಾವಿಯಲ್ಲಿ ನೀರು ಸಿಕ್ಕರೂ ಸಿಗದಿದ್ದರೂ ಬಡ್ಡಿ ಮಾತ್ರ ನಿಲ್ಲದು. ಮಳೆ ಕೈಕೊಟ್ಟ ವರ್ಷ ಬಡ್ಡಿ ಅಸಲಿಗೆ ಸೇರುತ್ತದೆ, ಮರುವರ್ಷ ಬೆಳೆ ಕೊಯ್ಲಿಗೆ ಮೊದಲೇ ಮಾರಾಟವಾಗಿರುತ್ತದೆ. ಈ ಲೆಕ್ಕವನ್ನು ಹತ್ತಿರದಿಂದ ಬಲ್ಲವರಲ್ಲಿ ಮದರಾಸಿನ ಸಿವಿಲ್ ಸೇವೆಯ ಫ್ರೆಡರಿಕ್ ನಿಕಲ್ಸನ್ ಒಬ್ಬರು. 1887ರಲ್ಲಿ ಪ್ರಕಟವಾದ ಕೊಯಮತ್ತೂರು ಜಿಲ್ಲಾ ಕೈಪಿಡಿ ಅವರದೇ ಕೃತಿ. ನಮ್ಮ ಕೊಳ್ಳೇಗಾಲವೂ ಆ ಜಿಲ್ಲೆಯ ಒಂದು ತಾಲ್ಲೂಕು. ಮುಂದೆ ಸರ್ಕಾರ ಅವರಿಗೆ ಒಂದು ಪ್ರಶ್ನೆಯನ್ನು ಒಪ್ಪಿಸಿತು: ರೈತನಿಗೆ ಸಾಲ ಕೊಡುವ ಬ್ಯಾಂಕುಗಳನ್ನು ಈ ಪ್ರಾಂತದಲ್ಲಿ ಸ್ಥಾಪಿಸಲು ಸಾಧ್ಯವೇ? ಯೂರೋಪಿನ ಪದ್ಧತಿಗಳನ್ನು ಅಧ್ಯಯನ ಮಾಡಿ ಅವರು ಒಪ್ಪಿಸಿದ ವರದಿಯ ಮೊದಲ ಸಂಪುಟ 1895ರಲ್ಲಿ, ಎರಡನೆಯದು 1897ರಲ್ಲಿ ಹೊರಬಂದಿತು.

ವರದಿಯ ತಿರುಳು ಬಹಳ ಸರಳ: ಮೇಲಿನಿಂದ ಬ್ಯಾಂಕು ಕಟ್ಟಿದರೆ ಸಾಲದು, ಜರ್ಮನಿಯ ರೈಫೈಸನ್‌ನಂತಹ ಮನುಷ್ಯ ಊರಿಗೊಬ್ಬ ಸಿಗಬೇಕು. ರೈಫೈಸನ್ ಹಳ್ಳಿಗಾಡಿನ ಒಬ್ಬ ಪುರಾಧ್ಯಕ್ಷ. ಒಂದೊಂದೇ ಊರಿಗೆ ಸೀಮಿತವಾದ ಸಾಲದ ಸಂಘಗಳನ್ನು ಅವನು ಕಟ್ಟಿದ. ಸದಸ್ಯರೆಲ್ಲ ಒಬ್ಬರನ್ನೊಬ್ಬರು ಬಲ್ಲವರು; ಒಬ್ಬ ತೀರಿಸದ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯ ಮಟ್ಟಿಗೆ ಹೊಣೆ. ಆದ್ದರಿಂದ ಸಾಲ ಯಾವುದಕ್ಕೆ, ಬಾವಿಗೋ ಮದುವೆಗೋ ಎಂದು ನೆರೆಯವನೇ ವಿಚಾರಿಸುತ್ತಾನೆ. ಅಡಮಾನವಾಗಿ ಇಟ್ಟದ್ದು ಭೂಮಿಗಿಂತ ಹೆಚ್ಚಾಗಿ ನಡತೆಯನ್ನು. ಹಣಕಾಸಿನ ಶಾಸ್ತ್ರದಲ್ಲಿ ಇಷ್ಟು ಮನೆಮಾತಿನ ವಿಚಾರ ಮತ್ತೊಂದು ಇರಲಾರದೆಂದು ನಮಗೆ ತೋರುತ್ತದೆ.

ಈ ವರದಿ ತೋರಿದ ದಾರಿಯಲ್ಲಿಯೇ 1904ರ ಸಹಕಾರಿ ಸಾಲ ಸಂಘಗಳ ಕಾನೂನು ಬಂದಿತು. ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಅಂದು ಗದಗ ಮುಂಬಯಿ ಪ್ರಾಂತದಲ್ಲಿ, ಕೊಳ್ಳೇಗಾಲ ಮದರಾಸು ಪ್ರಾಂತದಲ್ಲಿ. ನಮ್ಮ ಜಿಲ್ಲೆಯ ಕೈಪಿಡಿ ಬರೆದ ಅಧಿಕಾರಿಯ ವಿಚಾರವು ಕಾನೂನಾಗಿ, ನಾವು ಆಗ ನಮ್ಮದೆಂದು ಕರೆಯಲಾಗದಿದ್ದ ಕನ್ನಡ ಊರೊಂದರಲ್ಲಿ ಬೇರುಬಿಟ್ಟಿತು. ಸಹಕಾರಿ ಸಂಘಗಳು ಎಲ್ಲೆಡೆಯೂ ರೈಫೈಸನ್ ಬಯಸಿದಂತೆ ನಡೆದವೆಂದು ಹೇಳಲಾರೆವು. ಸ್ವಂತ ಜಮೀನು ಇದ್ದವನಿಗೆ ಸಂಘದ ಬಾಗಿಲು ತೆರೆಯಿತು. ಜಮೀನಿಲ್ಲದ ಕೂಲಿಯವನು ಬಹುಕಾಲ ಹಳೆಯ ಸಾಹುಕಾರನ ಜಗುಲಿಯಲ್ಲಿಯೇ ಉಳಿದ. ಇದನ್ನು ಸಹಕಾರದ ಚರಿತ್ರೆಯಿಂದ ಬಿಟ್ಟು ಬರೆಯುವುದು ಸರಿಯಲ್ಲ.

ಸಾಲ ತೀರಬೇಕಾದರೆ ಮಣ್ಣು ಫಲ ಕೊಡಬೇಕು. ಸೈದಾಪೇಟೆಯಲ್ಲಿದ್ದ ಕೃಷಿ ವಿದ್ಯಾಲಯವು 1906ರಲ್ಲಿ ಕೊಯಮತ್ತೂರಿಗೆ ಬಂದಿತು. ಅದೇ 1971ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. 1909ರಲ್ಲಿ ಅಲ್ಲಿನ ಕೆಂಪು ಮಣ್ಣಿನ ಒಂದು ಹೊಲವನ್ನು ಮಡಿಗಳಾಗಿ ವಿಭಾಗಿಸಿ ಶಾಶ್ವತ ಗೊಬ್ಬರ ಪ್ರಯೋಗವನ್ನು ಆರಂಭಿಸಿದರು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದುಬಂದ ಪ್ರಯೋಗವೇ ಇದಕ್ಕೆ ಮಾದರಿ. ನಮ್ಮ ದೇಶದಲ್ಲಿ ಕಾನ್ಪುರ ಮತ್ತು ಪೂಸಾಗಳ ನಂತರದ್ದು ಇದು. ಒಂದು ಮಡಿಗೆ ಏನೂ ಇಲ್ಲ. ಒಂದಕ್ಕೆ ಸಾರಜನಕ ಮಾತ್ರ, ಮತ್ತೊಂದಕ್ಕೆ ರಂಜಕ, ಇನ್ನೊಂದಕ್ಕೆ ಪೊಟ್ಯಾಷ್, ಕೆಲವಕ್ಕೆ ಇವುಗಳ ಮಿಶ್ರಣ, ಒಂದಕ್ಕೆ ಕೊಟ್ಟಿಗೆ ಗೊಬ್ಬರ. ಯಾವ ಮಡಿಗೆ ಏನೆಂದು ಒಮ್ಮೆ ನಿಗದಿಯಾದ ಮೇಲೆ ವರ್ಷಾನುವರ್ಷ ಅದಕ್ಕೆ ಅದೇ. ಮಹಾಯುದ್ಧಗಳು ಬಂದು ಹೋದವು, ಸರ್ಕಾರಗಳು ಬದಲಾದವು, ಪ್ರಯೋಗ ಹೂಡಿದವರು ಗತಿಸಿದರು, ಮಡಿಗಳ ಲೆಕ್ಕ ಮುಂದುವರಿಯಿತು.

ಆ ಹೊಲ ಹೇಳಿದ್ದೇನು? ಸಾರಜನಕವೊಂದನ್ನೇ ಉಂಡ ಮಡಿ ಕ್ರಮೇಣ ಸೊರಗುತ್ತದೆ. ಸಮತೋಲದ ಗೊಬ್ಬರ ಪಡೆದದ್ದು ಇಳುವರಿಯನ್ನು ಉಳಿಸಿಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ ಬಿದ್ದ ಮಡಿಯ ಮಣ್ಣಿನಲ್ಲಿ ಸಾವಯವ ಅಂಶ ನಿಲ್ಲುತ್ತದೆ. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು ಎಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ಎಷ್ಟು, ಎಷ್ಟು ವರ್ಷಗಳಲ್ಲಿ, ಯಾವ ಅಂಶದ ಕೊರತೆಯಿಂದ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಮನುಷ್ಯನ ಆಯುಸ್ಸಿಗಿಂತ ಉದ್ದವಾದ ಪ್ರಯೋಗವೇ ಬೇಕಾಯಿತು. ನಮ್ಮ ಶಾಲೆಗಿಂತ ಹಿರಿದಾದ ಈ ಪ್ರಯೋಗ ಇಂದಿಗೂ ನಡೆಯುತ್ತಿದೆ.

ಈ ಮಡಿಗಳ ಕಾಳು ಒಮ್ಮೆ ವೈದ್ಯಶಾಸ್ತ್ರಕ್ಕೂ ವಸ್ತುವಾಯಿತು. ಕೊಯಮತ್ತೂರಿನಿಂದ ಬೆಟ್ಟವೇರಿದರೆ ಕೂನೂರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಯಿಂದ ಆರಂಭಿಸಿ, ಊಟದ ಕೊರತೆಯಿಂದ ಬರುವ ರೋಗಗಳನ್ನು ಅಭ್ಯಸಿಸುತ್ತಿದ್ದರು. ಕೊಯಮತ್ತೂರಿನ ಕೃಷಿ ರಸಾಯನತಜ್ಞ ಬಿ. ವಿಶ್ವನಾಥ್ ಅವರೊಡನೆ ಸೇರಿ 1926ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಶ್ನೆ ಇದು: ಹೊಲಕ್ಕೆ ಹಾಕಿದ ಗೊಬ್ಬರ ಬದಲಾದರೆ ಕಾಳಿನ ಪೋಷಣಶಕ್ತಿ ಬದಲಾಗುತ್ತದೆಯೇ? ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಕಿರುಧಾನ್ಯ ಮತ್ತು ಗೋಧಿಯನ್ನೂ ರಾಸಾಯನಿಕ ಗೊಬ್ಬರದಲ್ಲಿ ಬೆಳೆದದ್ದನ್ನೂ ಪ್ರಾಣಿಗಳಿಗೆ ತಿನ್ನಿಸಿ ನೋಡಿದಾಗ ಮೊದಲನೆಯದೇ ಮೇಲೆಂದು ಅವರಿಗೆ ಕಂಡಿತು. ಮುಂದೆ ಬೇರೆಡೆ ನಡೆದ ಪರೀಕ್ಷೆಗಳು ಇಷ್ಟು ಸ್ಪಷ್ಟವಾದ ಅಂತರವನ್ನು ಯಾವಾಗಲೂ ಕಾಣಲಿಲ್ಲವಾದ್ದರಿಂದ ಇದನ್ನು ಕೊನೆಯ ತೀರ್ಪೆಂದು ನಾವು ಸಾರುವುದಿಲ್ಲ. ರೋಗಿಯ ಕಾಯಿಲೆಯ ಕಾರಣವನ್ನು ಹುಡುಕುತ್ತ ವೈದ್ಯನು ಹೊಲದ ಬದುವಿನವರೆಗೆ ನಡೆದು ಬಂದನಲ್ಲ, ಆ ನಡಿಗೆ ದೊಡ್ಡದು. ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ.

ಇನ್ನು ಕಬ್ಬು. ಬುಕಾನನ್ ಮೈಸೂರು ಸೀಮೆಯಲ್ಲಿ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳನ್ನು ಕಂಡಿದ್ದ. ಅವು ದಪ್ಪನೆಯ, ರಸಭರಿತವಾದ ದಕ್ಷಿಣದ ಕಬ್ಬುಗಳು. ದೇಶದ ಬಹುಪಾಲು ಕಬ್ಬು ಬೆಳೆಯುತ್ತಿದ್ದುದು ಉತ್ತರದಲ್ಲಿ; ಅಲ್ಲಿಯದು ತೆಳುವಾದ, ಇಳುವರಿ ಕಡಿಮೆಯಾದ ಜಾತಿ. ಸಕ್ಕರೆ ಜಾವಾದಿಂದ ಹಡಗಿನಲ್ಲಿ ಬರುತ್ತಿತ್ತು. ಕಬ್ಬಿನ ತುಂಡನ್ನು ನೆಟ್ಟರೆ ತಾಯಿಯಂಥದೇ ಗಿಡ ಬರುತ್ತದೆ; ಹೊಸ ತಳಿ ಬೇಕಾದರೆ ಸೂಲಂಗಿ ಬಂದು ಬೀಜ ಕಟ್ಟಬೇಕು. ಉತ್ತರದ ಹವೆಯಲ್ಲಿ ಅದು ದುರ್ಲಭ, ಕೊಯಮತ್ತೂರಿನ ಹವೆಯಲ್ಲಿ ಸುಲಭ. ಆದ್ದರಿಂದಲೇ 1912ರಲ್ಲಿ ಇಲ್ಲಿ ಕಬ್ಬಿನ ತಳಿ ಕೇಂದ್ರ ಸ್ಥಾಪಿತವಾಯಿತು. ಸಿ. ಎ. ಬಾರ್ಬರ್ ಅದರ ಮೊದಲ ಮುಖ್ಯಸ್ಥರು, ಟಿ. ಎಸ್. ವೆಂಕಟರಾಮನ್ ಅವರ ಸಹಾಯಕರು, ಮುಂದೆ ಉತ್ತರಾಧಿಕಾರಿ.

ಅವರು ಮಾಡಿದ ಕೆಲಸ ಅಂದಿನ ತಜ್ಞರಿಗೂ ವಿಚಿತ್ರವೆನಿಸಿರಬೇಕು. ಗದ್ದೆಯ ಸಿಹಿ ಕಬ್ಬನ್ನು ಹಳ್ಳದ ದಡದಲ್ಲಿ ತಾನಾಗಿ ಬೆಳೆಯುವ, ಹುಲ್ಲಿನಂತಹ ಕಾಡುಕಬ್ಬಿನೊಡನೆ ಸಂಕರಗೊಳಿಸಿದರು. ಸಿಹಿ ತಾಯಿಯಿಂದ, ಗಟ್ಟಿತನ ಕಾಡಿನಿಂದ. 1918ರಲ್ಲಿ ಬಂದ ‘ಕೋ 205’ ಪಂಜಾಬಿನ ಹೊಲಗಳಲ್ಲಿ ನಿಂತಿತು. 1930ರ ದಶಕದಲ್ಲಿ ಬಂದ ‘ಕೋ 419’ ದಕ್ಷಿಣಕ್ಕೆ ಒಲಿಯಿತು. ಜಾವಾದ ಪ್ರಸಿದ್ಧ ತಳಿಯೊಂದು ಅದರ ತಾಯಿ, ಕೊಯಮತ್ತೂರಿನ ಕೋ 290 ಅದರ ತಂದೆ. ಹಿಂದೆ ಜಾವಾದ ಸಕ್ಕರೆಗೆ ಕೈಯೊಡ್ಡಿದ್ದ ದೇಶ ಈಗ ಜಾವಾದ ಕಬ್ಬನ್ನೇ ತನ್ನ ತಳಿಯಲ್ಲಿ ಅರಗಿಸಿಕೊಂಡಿತು. ಅದೇ ದಶಕದಲ್ಲಿ ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯ ಸ್ಥಾಪನೆಯಾದದ್ದನ್ನು ಓದುಗರು ಬಲ್ಲರು. ಮಂಡ್ಯಕ್ಕೆ ಹೆಬ್ಬಾಳದ ತಳಿಗಳೂ ಬಂದವು, ಕೊಯಮತ್ತೂರಿನವೂ ಬಂದವು. ಕೋ 62175 ಎಂಬುದನ್ನು ನಮ್ಮ ಪಾಲಕರಲ್ಲಿ ಎಷ್ಟೋ ಮಂದಿ ತಮ್ಮ ಕೈಯಾರೆ ನೆಟ್ಟಿದ್ದಾರೆ. ಈಗ ಎಲ್ಲೆಡೆ ಕಾಣುವುದು, ಕೂಳೆ ಬೆಳೆಗೂ ಒಳ್ಳೆಯದೆನಿಸಿದ ಕೋ 86032. ಆ ಸಂಖ್ಯೆಯ ಮೊದಲೆರಡು ಅಂಕಿಗಳು ತಳಿಯ ವರ್ಷವನ್ನು ಸೂಚಿಸುತ್ತವೆ. ‘ಕೋ’ ಎಂದರೆ ಕೊಯಮತ್ತೂರು. ಕುಂತೂರಿನ ಕಾರ್ಖಾನೆಗೆ ಕಬ್ಬು ಸಾಗಿಸುವ ನಮ್ಮೂರಿನ ಗಾಡಿಗಳು ಹಳೆಯ ಜಿಲ್ಲೆಯ ಹೆಸರನ್ನು ಇಂದಿಗೂ ಹೊತ್ತು ತಿರುಗುತ್ತಿವೆ.

ಈ ಕೇಂದ್ರದಲ್ಲಿ 1934ರಿಂದ 1939ರವರೆಗೆ ದುಡಿದ ಇ. ಕೆ. ಜಾನಕಿ ಅಮ್ಮಾಳ್ ಅವರನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ವಿಶೇಷವಾಗಿ ನೆನೆಯಬೇಕು. ತಲಶ್ಶೇರಿಯಲ್ಲಿ 1897ರಲ್ಲಿ ಜನಿಸಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ಪದವಿ ಪಡೆದವರು. ಕಬ್ಬನ್ನು ಜೋಳ, ಮುಸುಕಿನ ಜೋಳಗಳಂತಹ ದೂರದ ಬಂಧುಗಳೊಡನೆ ಕೂಡಿಸಿ, ಜೀವಕೋಶದೊಳಗಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಮುಂದೆ ಇಂಗ್ಲೆಂಡಿಗೆ ಹೋಗಿ, ಡಾರ್ಲಿಂಗ್ಟನ್ ಅವರೊಡನೆ ಬೇಸಾಯದ ಸಸ್ಯಗಳ ವರ್ಣತಂತುಗಳ ಕೋಶವನ್ನು 1945ರಲ್ಲಿ ಪ್ರಕಟಿಸಿದರು. ಒಬ್ಬ ಹೆಣ್ಣುಮಗಳು ಕುಟುಂಬದ ಕಟ್ಟುಪಾಡು, ಜಾತಿಯ ಕಟ್ಟುಪಾಡು ಎರಡನ್ನೂ ದಾಟಿ ವಿಜ್ಞಾನವನ್ನೇ ಬಾಳಾಗಿಸಿಕೊಳ್ಳುವುದು ಆ ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ.

ಪೈಕಾರದ ಜಲವಿದ್ಯುತ್ತು 1932ರಲ್ಲಿ ಹರಿದ ಮೇಲೆ ಜಿಲ್ಲೆಯ ರೂಪವೇ ಬದಲಾಯಿತು. ಹತ್ತಿ ಗಿರಣಿಗಳು ಹೆಚ್ಚಿದವು, ಕೊಯಮತ್ತೂರಿನ ಕಾರ್ಖಾನೆಗಳಲ್ಲಿ ಮೋಟಾರು ಮತ್ತು ಪಂಪುಗಳು ತಯಾರಾದವು, ಕಪಿಲೆಯ ಎತ್ತುಗಳಿಗೆ ಬಿಡುವಾಯಿತು. ನೀರು ಮೇಲೆ ಬಂದಷ್ಟೂ ಬಾವಿ ಕೆಳಗಿಳಿಯಿತು, ಕೊಳವೆಬಾವಿಗಾಗಿ ಮತ್ತೆ ಸಾಲ ಹುಟ್ಟಿತು. ಅತ್ತ ತಿರುಪ್ಪೂರು ಬನಿಯನ್ನಿನ ಊರಾಯಿತು, 2009ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಲ್ಲಿನ ಬನಿಯನ್ ಕಂಪನಿಗಳಲ್ಲಿ ದುಡಿದು ಮನೆ ಕಟ್ಟಿದವರು. ಆದ್ದರಿಂದ ಮುಂದಿನ ಮಾತನ್ನು ಹೊರಗಿನವರಂತೆ ನಿಂತು ಆಡಲಾರೆವು.

ಬಟ್ಟೆಗೆ ಬಣ್ಣ ಹಾಕಿದ ನೀರು ನೊಯ್ಯಲ್ ನದಿಗೆ ಬಿದ್ದಿತು. ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಆ ಉಪ್ಪುನೀರು ನಿಂತಿತು. ನೀರು ಬಿಡಿ ಎಂದು ಕೇಳಬೇಕಾದ ರೈತರೇ ಬಿಡಬೇಡಿ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞಾಪಿಸಿತು. ಕೊಳೆನೀರನ್ನು ಒಂದು ಹನಿಯೂ ಹೊರಗೆ ಬಿಡದೆ, ಶುದ್ಧೀಕರಿಸಿ ಮತ್ತೆ ಬಳಸುವವರಿಗೆ ಮಾತ್ರ ಮುಂದುವರಿಯಲು ಅವಕಾಶವಾಯಿತು. ಹಾಗೆ ಮರುಬಳಸುವ ವಿಧಾನವನ್ನು ತಿರುಪ್ಪೂರು ಅನಿವಾರ್ಯವಾಗಿ ಕಲಿತಿದೆ. ಅದಕ್ಕಾಗಿ ಕಟ್ಟಿದ ಘಟಕಗಳ ಸಾಲ ಒಂದು ಕಡೆ, ನದಿಯ ಕೆಳದಂಡೆಯ ಬಾವಿಗಳಲ್ಲಿ ಇಳಿದುಹೋದ ಉಪ್ಪು ಇನ್ನೊಂದು ಕಡೆ. ಆ ಉಪ್ಪು ಎಷ್ಟು ಆಳಕ್ಕೆ ಹೋಗಿದೆ, ಅಲ್ಲಿ ಯಾವ ಬೆಳೆ ನಿಲ್ಲುತ್ತದೆ ಎಂಬುದು ಮತ್ತೆ ಮಣ್ಣಿನ ರಸಾಯನತಜ್ಞರ ಕೆಲಸವಾಗಿದೆ, 1909ರಲ್ಲಿ ಆಗಿದ್ದಂತೆಯೇ.